ಅಂಗನವಾಡಿ ಅಂಗಳಕ್ಕೆ ಒಂದು ಗಾಡಿ ಬೇಕು: ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

ನಮಸ್ಕಾರ. ಮಕ್ಕಳು ಹತ್ತಿ ಕೂತು ಓಡಿಸುವ ಗಾಡಿಗಳ ಬಗ್ಗೆ ಬರೆಯುತ್ತಿದ್ದೇನೆ. ಚಿಕ್ಕ ವಿಷಯ ಅಂತ ಪಕ್ಕಕ್ಕಿಡಬೇಡಿ.

ನಮ್ಮೂರ ಅಂಗನವಾಡಿಯಲ್ಲಿ ಒಂದು ಪ್ಲಾಸ್ಟಿಕ್ ಕಾರಿದೆ. ಅದು ಇರುವುದು ಬೀರುವಿನ ಮೇಲೆ. ಸುತ್ತಿದ ಕವರ್ ಕೂಡ ಬಿಚ್ಚಿಲ್ಲ. ಟೀಚರ್ ಅವರನ್ನು ನಾನು ದೂರುವುದಿಲ್ಲ. ಮುರಿದರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಕೊಡಬೇಕಾದವರು ಅವರೇ ತಾನೆ? ಕೆಳಗಿಳಿಸಿದರೂ ಕಷ್ಟವೇ. ಅದರ ಪುಟ್ಟ ಗಾಲಿಗಳು ಟೈಲ್ಸ್ ನೆಲಕ್ಕೆ ಸರಿ, ನಮ್ಮ ಮಣ್ಣಿನ ಅಂಗಳದಲ್ಲಿ ಹೂತುಕೊಳ್ಳುತ್ತವೆ.

ಮಲೆನಾಡಿನ ಮಕ್ಕಳಿಗೆ ಗಾಡಿ ಅಂದರೆ ಅಡಿಕೆ ಹಾಳೆ. ಒಬ್ಬರು ಹಾಳೆಯ ಮೇಲೆ ಕೂರಬೇಕು, ಇನ್ನೊಬ್ಬರು ಸೋಗೆ ಹಿಡಿದು ಎಳೆಯಬೇಕು. ಒದ್ದೆ ಹುಲ್ಲಿನ ಮೇಲೆ ಸರ್ರನೆ ಜಾರುತ್ತೆ, ಜಲ್ಲಿ ಸಿಕ್ಕರೆ ನಿಂತುಬಿಡುತ್ತೆ. ಇಬ್ಬರು ಕೂತರೆ ಎಳೆಯೋಕಾಗಲ್ಲ, ಹಿಂದಿನಿಂದ ತಳ್ಳೋಕೆ ಮೂರನೆಯವರನ್ನು ಕರೀಬೇಕು. ಭಾರ, ಜಾರಿಕೆ, 'ಈಗ ನನ್ನ ಸರದಿ' ಅನ್ನೋ ಜಗಳ, ಆಮೇಲಿನ ರಾಜಿ, ಎಲ್ಲ ಅದರಲ್ಲೇ ಕಲಿಯುತ್ತಾರೆ. ಗುಂಡಿ ಒತ್ತಿದರೆ ಓಡುವ ಬ್ಯಾಟರಿ ಕಾರಿನಲ್ಲಿ ಇದ್ಯಾವುದೂ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ವಯಸ್ಸಿನವರಿಗೆ ಆಟದ ಮೂಲಕ ಕಲಿಕೆ ಎನ್ನುತ್ತದೆ. ಆ ಆಟದಲ್ಲಿ ಮಗುವಿನ ಕಾಲಿಗೂ ಕೆಲಸ ಇರಬೇಕಲ್ವಾ?

ಹಾಗಾಗಿ ಇಬ್ಬರು ಮೂವರು ಸೇರಿ ಆಡುವಂಥ ಗಾಡಿ ಮಾಡಿಸಿ. ಮೂರು ವರ್ಷದ ಮಗು ಕೂತರೆ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಪೆಡಲ್ ಬೇಡ, ಕಾಲಲ್ಲಿ ತಳ್ಳಿಕೊಂಡು ಹೋಗಲಿ. ಗಾಲಿ ಅಗಲವಾಗಿರಲಿ. ಹ್ಯಾಂಡಲ್ ಪೂರ್ತಿ ತಿರುಗದಂತೆ ತಡೆ ಇರಲಿ, ಇಲ್ಲದಿದ್ದರೆ ತಿರುವಿನಲ್ಲಿ ಮಗುಚುತ್ತೆ. ಹಿಂದೆ ಮರಳು, ತೆಂಗಿನ ಚಿಪ್ಪು ತುಂಬುವ ಒಂದು ಪೆಟ್ಟಿಗೆ ಕೊಡಿ. ಮಕ್ಕಳು ಅದನ್ನು ಬಸ್ಸು ಮಾಡುತ್ತಾರೆ, ಸಂತೆ ಮಾಡುತ್ತಾರೆ, ಟಿಕೆಟ್ ಕೊಟ್ಟು ಎಣಿಸುತ್ತಾರೆ. ಬೆನ್ನಿಗೊಂದು ಆಸರೆ, ಎಳೆಯಲೊಂದು ಹಗ್ಗ ಇದ್ದರೆ ಕಾಲಿನಲ್ಲಿ ಬಲವಿಲ್ಲದ ಮಗುವೂ ಆಟಕ್ಕೆ ಸೇರುತ್ತದೆ. ಇದೊಂದನ್ನು ದಯವಿಟ್ಟು ಮರೆಯಬೇಡಿ.

ಚನ್ನಪಟ್ಟಣದ ಮರದ ಆಟಿಕೆ ಮಾಡುವವರನ್ನು ಕೂರಿಸಿಕೊಂಡು ಮಾತಾಡಿ. ಆದರೆ ಇಡೀ ಗಾಡಿಯನ್ನು ಅವರು ಬಳಸುವ ಆಲೆ ಮರದಲ್ಲಿ ಮಾಡಿಸಬೇಡಿ. ಅದು ಹಗುರ ಮರ, ಅರಗಿನ ಬಣ್ಣ ಮಳೆಗೆ ನಿಲ್ಲುವುದಿಲ್ಲ. ಹ್ಯಾಂಡಲ್ ಹಿಡಿ, ತಿರುಗಿಸಿ ಎಣಿಸುವ ಬಣ್ಣದ ಮಣಿಗಳು ಅವರ ಕೈಯಿಂದ ಬರಲಿ, ಚೌಕಟ್ಟು ಕಬ್ಬಿಣದ ಪೈಪಿನದಾಗಿರಲಿ. ಗಾಲಿ, ಬೋಲ್ಟು ಊರಿನ ಸೈಕಲ್ ಶಾಪಿನಲ್ಲೇ ಸಿಗುವಂತಿರಲಿ. ಆಟಿಕೆಗಳಿಗೆ ಐಎಸ್‌ಐ ಗುರುತು 2021ರ ಜನವರಿಯಿಂದ ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ ನಿಜ. ಆದರೂ ಮಗುವಿನ ಭಾರ ಹೊರುವ ಗಾಡಿಯನ್ನು ಪರೀಕ್ಷೆ ಮಾಡಿಸದೆ ಕೊಡಬೇಡಿ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ರಾಜ್ಯದಲ್ಲಿ ಮೊದಲು 1975ರಲ್ಲಿ ಶುರುವಾದದ್ದು ಟಿ. ನರಸೀಪುರದಲ್ಲಿ. ಮೊದಲ ಗಾಡಿಗಳನ್ನು ಅಲ್ಲೇ ಕೊಟ್ಟು, ಒಂದು ಮಳೆಗಾಲ ಕಳೆದ ಮೇಲೆ ಟೀಚರ್‌ಗಳನ್ನು ಕೇಳಿ, ಏನು ಮುರಿಯಿತು, ಏನು ಉಳಿಯಿತು ಅಂತ.

ಅದಕ್ಕೂ ಮೊದಲು ಒಂದು ಸುತ್ತೋಲೆ ಹೊರಡಿಸಿ. ಆಡುವಾಗ ಮುರಿದ ಆಟಿಕೆಗೆ ಕಾರ್ಯಕರ್ತೆ ಹೊಣೆಯಲ್ಲ, ರಿಪೇರಿಗೆ ಇಷ್ಟು ಹಣ ಅಂತ ಅದರಲ್ಲಿ ಬರೆದಿರಲಿ. ಇದಕ್ಕೆ ಟೆಂಡರ್ ಬೇಕಿಲ್ಲ, ಈ ತಿಂಗಳೇ ಮಾಡಬಹುದು.

ಇಂತಿ,
ಅಂಗನವಾಡಿ ಮಗುವೊಂದರ ಪೋಷಕರು