ಅಕ್ಕ-ತಂಗಿಯರ ಹೆಸರನ್ನೂ ಬರೆದಿಡಿ

ಮಾನ್ಯ ಸಂಪಾದಕರೇ,

ನಾನು ವಾಯುಪಡೆಯಲ್ಲಿದ್ದವನು. ಅಸ್ಸಾಮಿನ ಮೋಹನ್‌ಬಾರಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಹೋದ ವರ್ಷ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ನಾನು ಇಂಡಿಯಾದವನು, ಏರ್‌ಫೋರ್ಸಿನವನು ಅಂತ ಗೊತ್ತಾದ ಕೂಡಲೇ ಪಕ್ಕದ ಮನೆಯ ಅಜ್ಜಿ ಕೇಳಿದ್ದು ಒಂದೇ ಮಾತು: ‘ಚಬುವಾ ನೋಡಿದ್ದೀರಾ?’

ಮೈ ಜುಂ ಅಂದಿತು. ಚಬುವಾದ ವಿಮಾನ ನೆಲೆ ನಮ್ಮ ಮೋಹನ್‌ಬಾರಿಗೆ ಹತ್ತಿರದಲ್ಲೇ ಇದೆ. ಅಜ್ಜಿಯ ಅಮ್ಮನ ತಮ್ಮ, ಅಂದರೆ ನಮ್ಮ ಲೆಕ್ಕದಲ್ಲಿ ಸೋದರಮಾವ, 1944ರಲ್ಲಿ ಚೀನಾದಿಂದ ಅಲ್ಲಿಗೆ ವಾಪಸ್ ಬರುವಾಗ ವಿಮಾನದ ಸಮೇತ ಕಾಣೆಯಾದವರು. ಆಗ ಅವರಿಗೆ 22 ವರ್ಷ.

ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಚೀನಾಕ್ಕೆ ಸಾಮಾನು ಹೋಗುತ್ತಿದ್ದ ಬರ್ಮಾ ರಸ್ತೆ ಮುಚ್ಚಿದ ಮೇಲೆ, 1942ರಿಂದ 1945ರ ತನಕ ಅಸ್ಸಾಮಿನಿಂದ ಚೀನಾದ ಕುನ್ಮಿಂಗಿಗೆ ಪೆಟ್ರೋಲು, ಮದ್ದುಗುಂಡು ಎಲ್ಲ ವಿಮಾನದಲ್ಲೇ ಸಾಗಿಸಬೇಕಾಯಿತು. ಈ ದಾರಿಗೆ ಅಮೆರಿಕದ ಪೈಲಟರು ಇಟ್ಟ ಹೆಸರು ‘ಹಂಪ್’, ಅಂದರೆ ಡುಬ್ಬ. ಗುಡ್ಡಸಾಲು, ರೆಕ್ಕೆ ಮೇಲೆ ಕಟ್ಟುವ ಮಂಜು, ಎಲ್ಲಿಂದಲೋ ನುಗ್ಗುವ ಗಾಳಿ, ಸರಿಯಾದ ನಕ್ಷೆಯೂ ಇಲ್ಲ. ಸುಮಾರು 600 ವಿಮಾನ ಬಿದ್ದೋ ಕಾಣೆಯಾಗಿಯೋ ಹೋದವು. ಭಾರತದ ನೆಲದಲ್ಲಿ ಇನ್ನೂ ಸಿಗದ ಅಮೆರಿಕದ ವಾಯುಸೈನಿಕರು ಸುಮಾರು 400 ಮಂದಿ, ಹೆಚ್ಚಿನವರು ಅರುಣಾಚಲದ ಕಾಡಿನಲ್ಲಿ. ಆ ಕಾಲಕ್ಕೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನೂ ಅಮೆರಿಕದ ಸೇನೆಯೇ ನಡೆಸುತ್ತಿತ್ತು, ಅವರ ವಿಮಾನಗಳು ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಹಾಗಾಗಿ ಈ ಹುಡುಗರು ನಮಗೆ ತೀರಾ ಹೊರಗಿನವರೇನಲ್ಲ.

ಅಜ್ಜಿ ಒಂದು ಚಿಕ್ಕ ಪೊಟ್ಟಣ ತಂದು ಮೇಜಿನ ಮೇಲಿಟ್ಟರು. ಕಾಣೆಯಾದವರನ್ನು ಈಗಲೂ ಹುಡುಕುತ್ತಿರುವ ಅಮೆರಿಕದ ಸೇನೆಯವರು ಕಳಿಸಿದ್ದು. ಒಳಗೆ ಹತ್ತಿ ಸುತ್ತಿದ ಕಡ್ಡಿಗಳು, ಒಂದು ಫಾರಂ, ವಿಳಾಸ ಬರೆದ ಕವರು. ಕೆನ್ನೆಯ ಒಳಭಾಗಕ್ಕೆ ಕಡ್ಡಿ ಉಜ್ಜಿ ಅಂಚೆಗೆ ಹಾಕಿದರೆ ಮುಗಿಯಿತು, ಡಿಎನ್‌ಎ ತೆಗೆದು ಇಟ್ಟುಕೊಳ್ಳುತ್ತಾರೆ. ಮುಂದೆಂದಾದರೂ ಒಂದು ಮೂಳೆ ಸಿಕ್ಕಿದರೆ ಹೋಲಿಸಿ ನೋಡಲು. ಮೊದಲು ಅವರ ಫೋನ್ ಬಂದಾಗ ಯಾರೋ ದುಡ್ಡು ಹೊಡೆಯುವವರು ಅಂದುಕೊಂಡು ಮೂರು ಸಲ ಕಟ್ ಮಾಡಿದ್ದರಂತೆ. ಅಮ್ಮನ ಮದುವೆಗೆ ಮುಂಚಿನ ಹೆಸರು, ಆ ಬೀದಿ, ಮನೆ ನಂಬರ್ ಹೇಳಿದಾಗಲೇ ನಂಬಿದ್ದು.

ಇವರನ್ನೇ ಯಾಕೆ ಹುಡುಕಿದರು? ಹಳೆಯ ಮೂಳೆಯಲ್ಲಿ ಹೆಚ್ಚು ಕಾಲ ಉಳಿಯುವುದು ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬ ಭಾಗದ ಡಿಎನ್‌ಎ. ಅದು ಅಮ್ಮನಿಂದ ಮಾತ್ರ ಬರುತ್ತದೆ. ಸತ್ತವನಿಗೆ ಮಗ ಇದ್ದರೂ ಆ ಮಗನಲ್ಲಿ ಅದು ಇರುವುದಿಲ್ಲ, ಅಕ್ಕ-ತಂಗಿಯ ಮಕ್ಕಳಲ್ಲಿ ಇರುತ್ತದೆ, ಅಕ್ಕನ ಮಗಳ ಮಕ್ಕಳಲ್ಲೂ ಇರುತ್ತದೆ. ಕರಾವಳಿಯ ಅಳಿಯಕಟ್ಟಿನ ಮನೆಯವರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ತೊಂದರೆ ಏನೆಂದರೆ ಹೆಣ್ಣುಮಕ್ಕಳು ಮದುವೆಯಾಗಿ ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಜಾಡು ಅಲ್ಲೇ ತಪ್ಪುತ್ತದೆ. ಸೇನೆಯ ಕಡತ ನೋಡೋಣ ಅಂದರೆ 1973ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು ಕೋಟಿಗೂ ಜಾಸ್ತಿ ಫೈಲು ಸುಟ್ಟುಹೋದವು. ವಿಮಾನ ಕಾಣೆಯಾದಾಗ ಬರೆದ ವರದಿಗಳು ಉಳಿದಿವೆ, ಅದರಲ್ಲಿ ಅಮ್ಮನದೋ ಹೆಂಡತಿಯದೋ ವಿಳಾಸ ಇರುತ್ತದೆ. ಅಲ್ಲಿಂದ ಹಳೇ ಜನಗಣತಿ (1950ರದ್ದು 2022ರಲ್ಲಷ್ಟೇ ಬಿಡುಗಡೆಯಾಯಿತು), ಚರ್ಚಿನ ಮದುವೆ ಪುಸ್ತಕ, ಪತ್ರಿಕೆಯ ನಿಧನ ಸುದ್ದಿ, ಹೀಗೆ ಒಂದೊಂದೇ ಹಿಡಿದು ಬರುತ್ತಾರೆ.

ಅರುಣಾಚಲದ ದಾಮ್ರೋ ಊರಿನ ಹತ್ತಿರ 1944ರ ಜನವರಿ 25ರಂದು ಬಿದ್ದಿದ್ದ ಅಮೆರಿಕದ ಬಿ-24 ವಿಮಾನ ಪತ್ತೆಯಾಗಿದ್ದು 2006ರಲ್ಲಿ. ಅದರಲ್ಲಿದ್ದ ಎಂಟು ಜನರಲ್ಲಿ ಒಬ್ಬರನ್ನು ಗುರುತಿಸಿ, 2017ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಕಾನ್‌ಕಾರ್ಡ್ ಎಂಬ ಅವರ ಸಣ್ಣ ಊರಿನಲ್ಲಿ ಮಣ್ಣು ಮಾಡಿದರು. 73 ವರ್ಷ ಆದ ಮೇಲೆ! ಆ ಕಾಡಿನ ದಾರಿ ನಾನು ಸ್ವಲ್ಪ ಬಲ್ಲೆ. ಹತ್ತು ಅಡಿ ಮುಂದೆ ಏನಿದೆ ಅಂತ ಕಾಣುವುದಿಲ್ಲ.

ನಮ್ಮವರ ಕಥೆಯೂ ಇದೆ. 1968ರ ಫೆಬ್ರುವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ನಮ್ಮ ಎಎನ್-12 ವಿಮಾನ 102 ಜನರ ಜೊತೆ ಹಿಮಾಚಲದಲ್ಲಿ ಬಿತ್ತು. ಅದು ಯುದ್ಧದ ಸಮಯವಲ್ಲ ನಿಜ, ಆದರೆ ಕಾದವರ ಪಾಡು ಒಂದೇ ಅಲ್ವಾ? 2024ರಲ್ಲಿ ಮತ್ತೆ ನಾಲ್ಕು ದೇಹ ಸಿಕ್ಕವು. ಕೇರಳದ ಒಬ್ಬ ಸೈನಿಕ 56 ವರ್ಷದ ಮೇಲೆ ಮನೆ ಸೇರಿದರು. ಮಂಜು ಕರಗಿದ ಹಾಗೆ ಇನ್ನೂ ಸಿಗಬಹುದು. ಆಗ ಯಾರ ಕೆನ್ನೆಗೆ ಕಡ್ಡಿ ಉಜ್ಜುವುದು?

ಊರಿಗೆ ಬಂದವನೇ ಜಮೀನು ಪಾಲಿಗೆ ಮಾಡಿಸಿದ್ದ ನಮ್ಮ ಮನೆಯ ವಂಶವೃಕ್ಷ ತೆಗೆದೆ. ಐದು ತಲೆಮಾರು, ಒಂದು ಹೆಣ್ಣಿನ ಹೆಸರೂ ಇಲ್ಲ. ಕೊಟ್ಟ ಮನೆಗೆ ಸೇರಿದವರು ಅಂತ ಬಿಟ್ಟಿದ್ದಾರೆ. ನಮ್ಮಲ್ಲಿ ಸುಮಾರು ಮನೆಗಳಲ್ಲಿ ಹೀಗೇ. ಸೇನೆಯಲ್ಲಿ ಇದ್ದವರ, ಕಾಣೆಯಾದವರ ಮನೆಯವರು ದಯವಿಟ್ಟು ಅಕ್ಕ-ತಂಗಿ, ಅವರನ್ನು ಕೊಟ್ಟ ಊರು, ಅವರ ಮಕ್ಕಳ ಹೆಸರು ಬರೆದಿಡಿ, ಹಿರಿಯರು ಇರುವಾಗಲೇ. ಸೈನಿಕ ಕಲ್ಯಾಣ ಇಲಾಖೆಯವರೂ ಹುತಾತ್ಮರ ಕುಟುಂಬದ ವಿವರ ತೆಗೆದುಕೊಳ್ಳುವಾಗ ಇದಕ್ಕೊಂದು ಕಾಲಂ ಇಡಲಿ.

ನಾನು ಶುರು ಮಾಡಿದ್ದೇನೆ. ಅಜ್ಜನಿಗೆ ಮೂವರು ತಂಗಿಯರು. ಇಬ್ಬರ ಕಡೆಯವರು ಸಿಕ್ಕಿದರು. ಮೂರನೆಯವರನ್ನು ತಿಪಟೂರು ಕಡೆ ಕೊಟ್ಟಿದ್ದರಂತೆ, ಮುಂದಿನ ವಾರ ಬಸ್ಸು ಹತ್ತುತ್ತೇನೆ.

– ನಿವೃತ್ತ ವಾಯುಸೈನಿಕ, ಹಾಸನ