ಮುಖ ನೋಡಿ ನೋವು ಅಳೆಯಬೇಡಿ

ಮಾನ್ಯರೇ,

ಆಟಿಸಂ, ಅಂದರೆ ಬೇರೆಯವರೊಡನೆ ಬೆರೆಯುವ, ಮಾತಾಡುವ, ಸದ್ದು-ಸ್ಪರ್ಶಗಳನ್ನು ಅನುಭವಿಸುವ ರೀತಿ ಹುಟ್ಟಿನಿಂದಲೇ ಬೇರೆ ಥರ ಇರುವ ಸ್ಥಿತಿ. ಅದರ ಬಗ್ಗೆ ಬರುವ ಲೇಖನಗಳು ಹೆಚ್ಚಾಗಿ ಮಕ್ಕಳ ಬಗ್ಗೆಯೇ ಇರುತ್ತವೆ. ಆ ಮಕ್ಕಳು ದೊಡ್ಡವರಾಗುತ್ತಾರೆ ಅಲ್ವಾ? ಅವರಿಗೂ ಬಿಪಿ ಏರುತ್ತದೆ, ಹಲ್ಲು ಹುಳುಕಾಗುತ್ತದೆ. ಆದರೆ ದೊಡ್ಡವರನ್ನು ನೋಡುವ ಡಾಕ್ಟರುಗಳಲ್ಲಿ ಆಟಿಸಂ ಬಲ್ಲವರು ಸಿಗುವುದೇ ಕಷ್ಟ.

ನನ್ನ ತಮ್ಮನಿಗೆ ಆಟಿಸಂ ಇದೆ. ಓದಿದ್ದಾನೆ, ಕೆಲಸಕ್ಕೆ ಹೋಗುತ್ತಾನೆ. ಒಮ್ಮೆ ಹೊಟ್ಟೆನೋವೆಂದು ಹೋದಾಗ, ಒಂದರಿಂದ ಹತ್ತರೊಳಗೆ ನೋವು ಎಷ್ಟು ಎಂದು ಡಾಕ್ಟರ್ ಕೇಳಿದರು. ಹತ್ತು ಅಂದರೆ ಎಂಥ ನೋವು ಎಂದು ಅವನು ಯೋಚಿಸುತ್ತಾ ಕೂತ. ಮುಖದಲ್ಲಿ ನೋವಿನ ಸುಳಿವಿಲ್ಲ, ಕಣ್ಣು ಗೋಡೆಯ ಕಡೆ. ಡಾಕ್ಟರ್ ನನ್ನತ್ತ ತಿರುಗಿ, ಗ್ಯಾಸ್ ಇರಬೇಕು ಎಂದು ಮಾತ್ರೆ ಬರೆದರು. ಪಿತ್ತಕೋಶದಲ್ಲಿ ಕಲ್ಲಿದ್ದದ್ದು ಗೊತ್ತಾಗಿದ್ದು ಬೇರೆ ಕಡೆ ತೋರಿಸಿದ ಮೇಲೆ.

ಆಟಿಸಂ ಇರುವ ಎಷ್ಟೋ ಜನರಿಗೆ ಮೈಯೊಳಗಿನ ನೋವು, ಹಸಿವು, ಸುಸ್ತು ಯಾವುದೆಂದು ಬಿಡಿಸಿ ಹೇಳುವುದೇ ಕಷ್ಟ. ಅದೇ ಮನುಷ್ಯನಿಗೆ ಟ್ಯೂಬ್‌ಲೈಟಿನ ಗುಂಯ್ ಸದ್ದು, ಫಿನಾಯಿಲ್ ವಾಸನೆ, ಹೇಳದೆ ಮುಟ್ಟುವ ಕೈ ತಡೆಯಲಾಗದಷ್ಟು ಜಾಸ್ತಿ ಆಗಬಹುದು. ಯಾವಾಗ ಕರೆಯುತ್ತಾರೋ ಗೊತ್ತಿಲ್ಲದೆ ಆ ಗಲಾಟೆಯಲ್ಲಿ ಗಂಟೆಗಟ್ಟಲೆ ಕೂತವರಿಗೆ ಒಳಗೆ ಹೋಗುವ ಹೊತ್ತಿಗೆ ಬಾಯಿಂದ ಮಾತೇ ಹೊರಡುವುದಿಲ್ಲ. ಅದನ್ನು ಮೊಂಡುತನ ಅಂದುಕೊಳ್ಳುತ್ತಾರೆ. ಇನ್ನು ಕೆಲವರು ಕಷ್ಟಪಟ್ಟು ಎಲ್ಲರಂತೆ ನಗುತ್ತಾ ಮಾತಾಡಿದರೆ, ಇವರಿಗೆ ಏನೂ ಆಗಿಲ್ಲ ಅನ್ನುತ್ತಾರೆ!

2022ರಲ್ಲಿ ಬಿಎಂಜೆ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅದರಲ್ಲಿ ಆಟಿಸಂ ಇರುವ ವಯಸ್ಕರಲ್ಲಿ ಶೇ 80ರಷ್ಟು ಮಂದಿ ಡಾಕ್ಟರ ಬಳಿ ಹೋಗುವುದೇ ಕಷ್ಟ ಎಂದಿದ್ದರು. ಆಟಿಸಂ ಇಲ್ಲದವರಲ್ಲಿ ಹಾಗೆಂದವರು ಶೇ 37. ಈ ತೊಂದರೆಗೆ ಡಾಕ್ಟರ್ ಬೇಕೋ ಬೇಡವೋ ಎಂದು ತೀರ್ಮಾನಿಸುವುದೇ ಅನೇಕರಿಗೆ ದೊಡ್ಡ ತಡೆ. ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ಳುವುದು ಇನ್ನೊಂದು. ಹೀಗೆ ಮುಂದೂಡುತ್ತಾ ಹೋದರೆ ಕಾಯಿಲೆ ಕಾಯುವುದಿಲ್ಲ. 2016ರ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ತೀರಿಕೊಂಡವರಲ್ಲಿ ಆಟಿಸಂ ಇದ್ದವರ ಸರಾಸರಿ ವಯಸ್ಸು 54 ಆಗಿತ್ತು, ಉಳಿದವರದ್ದು 70. ಇದಕ್ಕೆ ಕಾರಣಗಳು ಹಲವು ನಿಜ. ಆದರೆ ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಸಿಗದಿರುವುದನ್ನು ನಾವು ಸರಿಪಡಿಸಬಹುದು.

ಅದಕ್ಕೆ ಬೇಕಾದದ್ದು ದೊಡ್ಡ ಯಂತ್ರವೇನಲ್ಲ. ಮೆಸೇಜ್ ಕಳಿಸಿ ಅಪಾಯಿಂಟ್‌ಮೆಂಟ್ ತಗೊಳ್ಳುವಂತಿರಲಿ. ಹೊರಗೆ ಕಾದು, ಸರದಿ ಬಂದಾಗ ಒಳಗೆ ಬರಲು ಬಿಡಿ. ಮುಟ್ಟುವ ಮೊದಲು ಹೇಳಿ. "ಹೇಗಿದ್ದೀರಿ?" ಅನ್ನುವ ಬದಲು "ನಿನ್ನೆ ರಾತ್ರಿ ನೋವಿನಿಂದ ಎಚ್ಚರವಾಯಿತಾ?" ಎಂದು ಕೇಳಿ ನೋಡಿ, ಉತ್ತರ ಬರುತ್ತದೆ. ಬರೆದುಕೊಂಡು ಬಂದ ಚೀಟಿ ಕೊಟ್ಟರೆ ದಯವಿಟ್ಟು ಓದಿ, ಪಕ್ಕಕ್ಕಿಡಬೇಡಿ. ಜೊತೆಗೆ ಬಂದ ಅಕ್ಕನ ಹತ್ತಿರ ಅಲ್ಲ, ರೋಗಿಯ ಹತ್ತಿರವೇ ಮಾತಾಡಿ.

ಇಂಗ್ಲೆಂಡಿನಲ್ಲಿ ಆಟಿಸಂ ಇದ್ದ ಆಲಿವರ್ ಮೆಕ್‌ಗೋವನ್ ಎಂಬ 18 ವರ್ಷದ ಹುಡುಗ 2016ರಲ್ಲಿ ತೀರಿಕೊಂಡ. ಅವನೂ ಮನೆಯವರೂ ಬೇಡವೆಂದ ಔಷಧಿಯನ್ನೇ ಅವನಿಗೆ ಕೊಟ್ಟಿದ್ದರು. ಅವನ ತಂದೆತಾಯಿ ಹಟ ಹಿಡಿದು ಹೋರಾಡಿದರು. 2022ರಲ್ಲಿ ಅಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಆಟಿಸಂ ತರಬೇತಿ ಕಾನೂನಿನಿಂದಲೇ ಕಡ್ಡಾಯವಾಯಿತು. ಇಂಥ ತರಬೇತಿ ಎಲ್ಲ ಕಡೆ ಬರಬೇಕು. ಡಾಕ್ಟರುಗಳಿಗಷ್ಟೇ ಅಲ್ಲ, ನರ್ಸ್‌ಗಳಿಗೆ, ಚೀಟಿ ಬರೆಯುವ ಕೌಂಟರಿನವರಿಗೂ. ಪಾಠ ಹೇಳಲು ಆಟಿಸಂ ಇರುವ ದೊಡ್ಡವರನ್ನೇ ಕರೆಯಿರಿ.

ಇಂತಿ,
ಒಬ್ಬ ಅಕ್ಕ