ಸುಸ್ಥಿರ ವಸ್ತುಗಳ ಪಾಠಕ್ಕೆ ಮೂರು ಗಂಟೆಯ ಪರೀಕ್ಷೆ ಸಾಲದು

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸುಸ್ಥಿರ ವಸ್ತುಗಳ ಬಗ್ಗೆ ಪಾಠ ಮಾಡುತ್ತೇನೆ. ಈ ಒಂದು ವಿಷಯದಲ್ಲಾದರೂ ಕೊನೆಯ ಲಿಖಿತ ಪರೀಕ್ಷೆ ಬಿಟ್ಟು, ನಿಜವಾದ ಕೆಲಸ ಮಾಡಿಸಿ ಅಂಕ ಕೊಡಲು ನಿಯಮದಲ್ಲಿ ಅವಕಾಶ ಮಾಡಿಕೊಡಿ.

ಜೋಳದಂಥ ಬೆಳೆಗಳಿಂದ ತಯಾರಾಗುವ ಪಿಎಲ್‌ಎ ಪ್ಲಾಸ್ಟಿಕ್ ಕೊಳೆಯುತ್ತದೆಯೇ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದರೆ, 'ಹೌದು' ಎಂದು ಬರೆದವರಿಗೆ ಅಂಕ ಸಿಗುತ್ತದೆ. ಆದರೆ ಅದು ಬೇಗ ಕೊಳೆಯಲು 60 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಇರುವ ಕಾಂಪೋಸ್ಟ್ ಘಟಕ ಬೇಕು. ಸಮುದ್ರಕ್ಕೆ ಬಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಅಂಥ ಘಟಕ ಇಲ್ಲದ ಕಡೆ ಆ ಪ್ಲಾಸ್ಟಿಕ್ ಬಳಸಬಹುದೇ? ಎಂಜಿನಿಯರ್‌ಗೆ ಎದುರಾಗುವ ಪ್ರಶ್ನೆ ಇದೇ ಅಲ್ವಾ?

ಕಾಂಕ್ರೀಟಿನ ವಿಚಾರ ಇನ್ನೂ ಗಂಭೀರ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು 7-8% ಸಿಮೆಂಟಿನಿಂದಲೇ ಬರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸುಣ್ಣಕಲ್ಲು ಬಿಸಿಗೆ ರಾಸಾಯನಿಕವಾಗಿ ವಿಭಜನೆಯಾಗುವಾಗ ಹೊರಬರುವಂಥದ್ದು, ಹಾಗಾಗಿ ಇಂಧನ ಬದಲಿಸಿದರೂ ಆ ಪಾಲು ನಿಲ್ಲುವುದಿಲ್ಲ. ಸಿಮೆಂಟಿನ ಒಂದಷ್ಟು ಪಾಲಿನ ಬದಲು ಹಾರುಬೂದಿ (ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಲ್ಲಿ ಸಿಗುವ ನುಣ್ಣನೆಯ ಬೂದಿ) ಹಾಕಬಹುದು ಎಂದು ಎಲ್ಲ ವಿದ್ಯಾರ್ಥಿಗಳೂ ಬರೆಯುತ್ತಾರೆ. ಅದನ್ನೇ ಕೈಯಾರೆ ಕಲಸಿ, ಕಾಂಕ್ರೀಟಿನ ಕ್ಯೂಬ್ ಹಾಕಿ, ನೀರಲ್ಲಿಟ್ಟು 7, 28, 56ನೇ ದಿನ ಒಡೆದು ಬಲ ಎಷ್ಟಿದೆ ಎಂದು ನೋಡಲಿ. ಹಾರುಬೂದಿ ಜಾಸ್ತಿಯಾದಷ್ಟೂ ಮೊದಲ ದಿನಗಳಲ್ಲಿ ಬಲ ಕಡಿಮೆ, ನಿಧಾನಕ್ಕೆ ಏರುತ್ತದೆ. ಸೆಂಟ್ರಿಂಗ್ ಬೇಗ ಬಿಚ್ಚಬೇಕು ಎನ್ನುವ ಗುತ್ತಿಗೆದಾರರಿಗೆ ಏನು ಹೇಳುವುದು? ಬೂದಿ ಕಡಿಮೆ ಮಾಡುವುದೋ, ಕೆಲಸದ ವೇಳಾಪಟ್ಟಿ ಬದಲಿಸುವುದೋ? ಕಲ್ಲಿದ್ದಲು ಸ್ಥಾವರಗಳು ಮುಚ್ಚಿದ ಮೇಲೆ ಬೂದಿ ಎಲ್ಲಿಂದ ತರುವುದು? ವಿದ್ಯಾರ್ಥಿ ಒಂದು ತೀರ್ಮಾನಕ್ಕೆ ಬಂದು, ವರದಿ ಬರೆದು, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಅದನ್ನು ಸಮರ್ಥಿಸಿಕೊಳ್ಳಬೇಕು. ಸೆಮಿಸ್ಟರಿನ ಎರಡನೇ ವಾರದಲ್ಲೇ ಕ್ಯೂಬ್ ಹಾಕಿದರೆ 56 ದಿನ ಆರಾಮಾಗಿ ಸಿಗುತ್ತದೆ.

ಜೀವನಚಕ್ರದ ಲೆಕ್ಕವೂ, ಅಂದರೆ ಒಂದು ವಸ್ತು ತಯಾರಾಗುವುದರಿಂದ ಕಸವಾಗುವವರೆಗೆ ಪರಿಸರದ ಮೇಲೆ ಬೀಳುವ ಹೊರೆಯ ಲೆಕ್ಕವೂ, ಹಾಗೆಯೇ. ಮರುಬಳಕೆಯ ಅಲ್ಯೂಮಿನಿಯಂಗೆ ಹೊಸದಕ್ಕಿಂತ ಸುಮಾರು 95% ಕಡಿಮೆ ಶಕ್ತಿ ಸಾಕು. ಆದರೆ ಕೈಗೆ ಸಿಗುವ ಅಲ್ಯೂಮಿನಿಯಂನಲ್ಲಿ ಮರುಬಳಕೆಯದ್ದು ಎಷ್ಟು ಎಂದು ನೋಡದೆ ಆ ಅಂಕಿ ಹಾಕಿದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಈ ಅಂಕಿ ಯಾಕೆ ತೆಗೆದುಕೊಂಡೆ ಎಂದು ವೈವಾದಲ್ಲಿ ಕೇಳಿದ ತಕ್ಷಣ, ಯಾರು ಯೋಚಿಸಿದ್ದಾರೆ, ಯಾರು ಸುಮ್ನೆ ನಕಲು ಮಾಡಿದ್ದಾರೆ ಎಂದು ಬಹುಪಾಲು ತಿಳಿಯುತ್ತದೆ.

ಇದರಲ್ಲಿ ಪಕ್ಷಪಾತ ನುಸುಳಬಹುದು ಎಂಬ ಆತಂಕ ನಿಮಗಿರಬಹುದು. ಆ ಆತಂಕ ಸರಿಯೇ. ಯಾವುದಕ್ಕೆ ಎಷ್ಟು ಅಂಕ ಎಂದು ಸೆಮಿಸ್ಟರಿನ ಶುರುವಿನಲ್ಲೇ ಪ್ರಕಟಿಸಲಿ. ವೈವಾಕ್ಕೆ ಇಬ್ಬರು ಪರೀಕ್ಷಕರಿರಲಿ, ಒಬ್ಬರು ಹೊರಗಿನವರಾಗಿರಲಿ. ಗುಂಪಿನಲ್ಲಿ ಕೆಲಸ ಮಾಡಿದರೂ ಪ್ರತಿಯೊಬ್ಬರಿಗೂ ಬೇರೆ ಬೇರೆ ಅಂಕ ಬರಲಿ.

ನನಗೆ ಅದಕ್ಕಿಂತ ದೊಡ್ಡ ಚಿಂತೆ ಅಧ್ಯಾಪಕರ ಸಮಯದ್ದು. ಒಂದು ವರದಿ ಓದಿ, ತಿದ್ದಿ, ವಿದ್ಯಾರ್ಥಿಯ ಜತೆ ಕೂತು ಮಾತಾಡಲು ಉತ್ತರಪತ್ರಿಕೆ ನೋಡುವುದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಆ ಗಂಟೆಗಳನ್ನು ಕೆಲಸದ ಲೆಕ್ಕಕ್ಕೆ ಸೇರಿಸದೆ ಆದೇಶ ಹೊರಡಿಸಿದರೆ, ಇದು ಹೆಸರಿಗಷ್ಟೇ ಉಳಿಯುತ್ತದೆ. ಹಳೇ ವರದಿಗಳೇ ಹೊಸ ರಟ್ಟಿನೊಳಗೆ ಬರುತ್ತವೆ. ದಯವಿಟ್ಟು ಹಾಗಾಗಲು ಬಿಡಬೇಡಿ.

ಮುಂದಿನ ಪರೀಕ್ಷಾ ನಿಯಮಾವಳಿ ಅಂತಿಮವಾಗುವ ಮುಂಚೆ ಈ ಪಾಠ ಮಾಡುವವರನ್ನೂ ವಿದ್ಯಾರ್ಥಿಗಳನ್ನೂ ಕರೆಸಿ ಮಾತಾಡಿ. ಮೊದಲು ಒಪ್ಪಿ ಮುಂದೆ ಬರುವ ಕೆಲವೇ ಕಾಲೇಜುಗಳಲ್ಲಿ ಎರಡು ವರ್ಷ ನಡೆಸಿ ನೋಡೋಣ.

ಇಂತಿ,
ಒಬ್ಬ ಎಂಜಿನಿಯರಿಂಗ್ ಅಧ್ಯಾಪಕ